2003ರ ಬೋರ್ಡೊ: ಒಂದೇ ವೈನ್, ಎರಡು ನಾಲಿಗೆ

ಮೊದಲೇ ಹೇಳಿಬಿಡುತ್ತೇನೆ. ಇವತ್ತು ಇಲ್ಲಿ ಯಾರಿಗೂ ವೈನ್ ಸಿಗುವುದಿಲ್ಲ. ಬರೀ ಮಾತು. ಅದೂ ವೈನ್ ಬಗ್ಗೆ ಬೇರೆಯವರು ಆಡಿದ ಮಾತಿನ ಬಗ್ಗೆ ಮಾತು. ಹಿಂದಿನ ಸಾಲಿನಲ್ಲಿ ಆಗಲೇ ಒಂದಿಬ್ಬರ ಮುಖ ಸಪ್ಪಗಾಯಿತು, ನೋಡಿದೆ. ಇರಲಿ, ಜಗಳದ ಕಥೆಯಿಂದಲೇ ಶುರು ಮಾಡುತ್ತೇನೆ, ಸ್ವಲ್ಪ ಸಮಾಧಾನವಾದೀತು.

2004ರ ವಸಂತಕಾಲ. ಫ್ರಾನ್ಸಿನ ಬೋರ್ಡೊ. ಹಿಂದಿನ ವರ್ಷ ಕೊಯ್ದ ದ್ರಾಕ್ಷಿಯ ವೈನ್ ಇನ್ನೂ ಪೀಪಾಯಿಯಲ್ಲೇ ಇದೆ. ಜಗತ್ತಿನ ನಾನಾ ಕಡೆಯಿಂದ ವಿಮರ್ಶಕರು ಬಂದು ರುಚಿ ನೋಡುತ್ತಿದ್ದಾರೆ. ಅವರ ಮುಂದೆ ಬಂದ ವೈನ್‌ಗಳಲ್ಲಿ ಸೇಂಟ್ ಎಮಿಲಿಯೋನಿನ ಶಾತೊ ಪಾವಿ ಅನ್ನುವ ವೈನ್ ತೋಟದ್ದೂ ಒಂದು. ಅಮೆರಿಕದ ರಾಬರ್ಟ್ ಪಾರ್ಕರ್ ಅದನ್ನು ಹೊಗಳಿ ಅಟ್ಟಕ್ಕೇರಿಸಿದರು. ನೂರರ ಹತ್ತಿರ ಹತ್ತಿರ ಅಂಕ ಕೊಟ್ಟರು. ಬ್ರಿಟನ್ನಿನ ಜಾನ್ಸಿಸ್ ರಾಬಿನ್ಸನ್ ಅದೇ ವೈನಿಗೆ 20ಕ್ಕೆ 12 ಕೊಟ್ಟರು. ಹಣ್ಣು ಅತಿಯಾಗಿ ಮಾಗಿದೆ, ಪೋರ್ಟ್ ವೈನ್ ಹಾಗೆ ಸಿಹಿ ಹೊಡೆಯುತ್ತದೆ, ಪೋರ್ಟ್ ಬೇಕಾದರೆ ಪೋರ್ಚುಗಲ್ಲಿನ ದೋರು ಕಣಿವೆಯದ್ದೇ ಕುಡಿಯಬಹುದಲ್ಲ ಅನ್ನುವ ಧಾಟಿಯಲ್ಲಿ ಬರೆದರು. ಇನ್ನೊಬ್ಬ ಬ್ರಿಟಿಷ್ ವಿಮರ್ಶಕ ಕ್ಲೈವ್ ಕೋಟ್ಸ್ ಅಷ್ಟಕ್ಕೇ ಬಿಡಲಿಲ್ಲ. ಇದನ್ನು ಒಳ್ಳೆಯ ವೈನ್ ಅನ್ನುವವರಿಗೆ ಮೆದುಳೂ ನಾಲಿಗೆಯೂ ಎರಡೂ ಬದಲಾಗಬೇಕು ಅಂದುಬಿಟ್ಟರು. ಪಾರ್ಕರ್ ಸುಮ್ಮನಿರುವ ಆಸಾಮಿಯೇ? ಪಾವಿಯ ಮಾಲೀಕನ ಮೇಲೆ ರಾಬಿನ್ಸನ್‌ಗೆ ಮೊದಲಿಂದಲೂ ಅಸಮಾಧಾನ ಅಂತ ತಿರುಗಿ ಬರೆದರು. ನನಗೆ ನನ್ನದೇ ಅಭಿಪ್ರಾಯ ಇರಬಾರದೇ ಅಂತ ರಾಬಿನ್ಸನ್ ಕೇಳಿದರು. ಪತ್ರಿಕೆಗಳಿಗೆ ಹಬ್ಬ.

ಈ ಅಂಕಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. 20ಕ್ಕೆ 12 ಅಂದರೆ ನೂರಕ್ಕೆ 60, ಪಾಸ್ ಆಯ್ತಲ್ಲ ಅಂತ ನಮಗೆ ಅನ್ನಿಸುತ್ತದೆ. ಹಾಗಲ್ಲ. ರಾಬಿನ್ಸನ್ ತಮ್ಮ ಅಂಕಗಳ ಅರ್ಥವನ್ನು ತಾವೇ ಬರೆದಿಟ್ಟಿದ್ದಾರೆ. 15 ಅಂದರೆ ಸಾಧಾರಣ. 14 ಅಂದರೆ ಜೀವವೇ ಇಲ್ಲದಷ್ಟು ಬೇಸರ. 12 ಅಂದರೆ ದೋಷ ಇದೆ, ಇಲ್ಲವೇ ತೂಕ ತಪ್ಪಿದೆ. ಅದಕ್ಕಿಂತ ಕೆಳಗೆ ಅವರು ಹೋಗುವುದೇ ಅಪರೂಪ. ಅತ್ತ ಪಾರ್ಕರ್ ಅವರ ನೂರರ ಅಳತೆ ಶುರುವಾಗುವುದೇ 50ರಿಂದ. ಗ್ಲಾಸಿಗೆ ಬಂದು ಕೂತರೆ ಸಾಕು, 50 ಗ್ಯಾರಂಟಿ. 96 ದಾಟಿದರೆ ಅಸಾಧಾರಣ. ಒಬ್ಬರ ಅಳತೆಗೋಲಿನ ತುದಿಯಲ್ಲಿದ್ದ ವೈನ್ ಇನ್ನೊಬ್ಬರ ಅಳತೆಗೋಲಿನ ಬುಡದಲ್ಲಿತ್ತು.

ಲೋಕೋ ಭಿನ್ನರುಚಿಃ ಅಂತ ಹೇಳಿ ಇಲ್ಲಿಗೇ ಮಂಗಳ ಹಾಡಬಹುದು. ನನಗೆ ಆ ಮಾತು ಕಂಡರೆ ಅಷ್ಟಕ್ಕಷ್ಟೆ. ಚರ್ಚೆ ಎಲ್ಲಿ ಬಿಸಿಯಾಗುತ್ತದೋ ಅಲ್ಲಿ ನೀರು ಸುರಿಯಲು ಬಳಸುವ ಮಾತು ಅದು. ಇವರಿಬ್ಬರೂ ಹವ್ಯಾಸಕ್ಕೆ ಕುಡಿಯುವವರಲ್ಲ. ಪಾರ್ಕರ್ ವಕೀಲಿ ಕೆಲಸ ಮಾಡುತ್ತಲೇ 1978ರಲ್ಲಿ ವೈನ್ ಪತ್ರಿಕೆ ಶುರು ಮಾಡಿದವರು. ಸಾವಿರಾರು ಬೋರ್ಡೊ ನಾಲಿಗೆ ಮೇಲೆ ಹಾಯಿಸಿದವರು. ರಾಬಿನ್ಸನ್ 1984ರಲ್ಲೇ ಮಾಸ್ಟರ್ ಆಫ್ ವೈನ್ ಪರೀಕ್ಷೆ ಪಾಸಾದವರು. ಇಂಥ ಇಬ್ಬರು ಒಂದು ವೈನಿನ ಮೇಲೆ ಇಷ್ಟು ದೂರ ನಿಂತರು ಅಂದರೆ, ಅದಕ್ಕೆ ರುಚಿ ಬೇರೆ ಅನ್ನುವುದಕ್ಕಿಂತ ದೊಡ್ಡ ಕಾರಣ ಇರಬೇಕು. ಆ ಕಾರಣ ಅರ್ಧ ಆ ವರ್ಷದ ಬಿಸಿಲಿನಲ್ಲಿದೆ. ಇನ್ನರ್ಧ 1982ರಲ್ಲಿದೆ ಅಂತ ನನ್ನ ಊಹೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಜಾಗದ ಪರಿಚಯ, ಬೇಗ ಮುಗಿಸುತ್ತೇನೆ. ಗರೋನ್ ಮತ್ತು ದೋರ್ದೋನ್ಯ ಅಂತ ಎರಡು ನದಿ ಸೇರಿ ಜಿರೋಂದ್ ಅನ್ನುವ ಅಗಲವಾದ ಅಳಿವೆ ಆಗುತ್ತದೆ. ಅದರ ಎಡದಂಡೆಯಲ್ಲಿ ಮೆಡಾಕ್. ಪೊಯಾಕ್, ಸೇಂಟ್ ಎಸ್ತೆಫ್, ಮಾರ್ಗೊ ಎಲ್ಲ ಇರುವುದು ಅಲ್ಲೇ. ನೆಲ ಹೆಚ್ಚಾಗಿ ಗರಸು, ದ್ರಾಕ್ಷಿ ಹೆಚ್ಚಾಗಿ ಕ್ಯಾಬರ್ನೆ ಸೊವಿನ್ಯೋ. ಸಿಪ್ಪೆ ದಪ್ಪ, ನಿಧಾನಕ್ಕೆ ಹಣ್ಣಾಗುತ್ತದೆ. ಬಲದಂಡೆಯಲ್ಲಿ ಸೇಂಟ್ ಎಮಿಲಿಯೋನ್, ಪೊಮೆರೋಲ್. ಅಲ್ಲಿ ಜೇಡಿ, ಸುಣ್ಣಕಲ್ಲು. ದ್ರಾಕ್ಷಿ ಮುಖ್ಯವಾಗಿ ಮೆರ್ಲೊ, ಜೊತೆಗೆ ಕ್ಯಾಬರ್ನೆ ಫ್ರಾಂಕ್. ಮೆರ್ಲೊ ಬೇಗ ಹಣ್ಣಾಗುತ್ತದೆ, ಸಕ್ಕರೆಯೂ ಬೇಗ ಏರುತ್ತದೆ. ಬೋರ್ಡೊ ಕೆಂಪು ವೈನ್ ಅಂದರೆ ಇವುಗಳ ಮಿಶ್ರಣ. ಒಂದೇ ದ್ರಾಕ್ಷಿಯ ಮೇಲೆ ಎಲ್ಲ ಪಣ ಇಡದೆ ಎರಡು ಮೂರನ್ನು ಬೆರೆಸುವುದೇ ಇಲ್ಲಿಯ ಜಾಣತನ. ಕಡಲ ಪಕ್ಕದ ಹವೆ, ಯಾವ ವರ್ಷ ಯಾವುದಕ್ಕೆ ಪೆಟ್ಟು ಬೀಳುತ್ತದೋ ಹೇಳಲಿಕ್ಕಾಗದು.

ಹಾಗಾಗಿ ವಿಂಟೇಜ್, ಅಂದರೆ ದ್ರಾಕ್ಷಿ ಕೊಯ್ದ ವರ್ಷ, ಇಲ್ಲಿ ಅಷ್ಟು ಮುಖ್ಯ. ಸದಾ ಬಿಸಿಲಿರುವ ಕಡೆ ಒಂದು ವರ್ಷಕ್ಕೂ ಇನ್ನೊಂದಕ್ಕೂ ಅಜಗಜಾಂತರ ಇರುವುದಿಲ್ಲ. ಬೋರ್ಡೊದಲ್ಲಿ ಇರುತ್ತದೆ. 1956ರ ಫೆಬ್ರವರಿಯ ಚಳಿಗೆ ಬಳ್ಳಿಗಳೇ ಸತ್ತುಹೋದವು. 1991ರಲ್ಲಿ, 2017ರಲ್ಲಿ ಏಪ್ರಿಲ್ ತಿಂಗಳ ಇಬ್ಬನಿ ಹೆಪ್ಪುಗಟ್ಟಿ ಎಳೆ ಚಿಗುರು ಕರಕಲಾಯಿತು. 2013ರಲ್ಲಿ ಹೂಬಿಡುವ ಹೊತ್ತಿಗೆ ಚಳಿ ಮಳೆ, ಕೊಯ್ಲಿನ ಹೊತ್ತಿಗೆ ಕೊಳೆ.

2003ರದ್ದು ಉಲ್ಟಾ ಕಥೆ. ಆ ಆಗಸ್ಟಿನ ಬಿಸಿಗಾಳಿ ನಿಮಗೆ ನೆನಪಿರಬಹುದು. ಫ್ರಾನ್ಸಿನಲ್ಲಿ ಸುಮಾರು 15,000 ಜನ ಸತ್ತರು, ಹೆಚ್ಚಿನವರು ವಯಸ್ಸಾದವರು. ವೈನ್ ಕಥೆ ಹೇಳುವಾಗ ಅದನ್ನು ಮರೆತು ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಬೋರ್ಡೊದಲ್ಲೂ 40 ಡಿಗ್ರಿ ಹತ್ತಿರದ ಬಿಸಿ. ತುಂಬಾ ಬಿಸಿಯಾದಾಗ ಬಳ್ಳಿ ತನ್ನ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ಕೆಲಸ ನಿಲ್ಲಿಸಿಬಿಡುತ್ತದೆ. ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ಸ್ವಲ್ಪ ಬಳ್ಳಿಯ ಕೆಲಸದಿಂದ, ಸ್ವಲ್ಪ ನೀರು ಆರಿ ಹಣ್ಣು ಸುಕ್ಕುಗಟ್ಟುವುದರಿಂದ. ಹುಳಿ ಕರಗಿಹೋಗುತ್ತದೆ. ಆದರೆ ಸಿಪ್ಪೆ ಮತ್ತು ಬೀಜದ ಒಗರು ಅದೇ ವೇಗದಲ್ಲಿ ಮಾಗುವುದಿಲ್ಲ. ಹಣ್ಣು ಬಾಯಿಗೆ ಸಿಹಿ, ಬೀಜ ಕಚ್ಚಿದರೆ ಇನ್ನೂ ಹಸಿ. ಆ ವರ್ಷ ಯುರೋಪಿನ ನಿಯಮ ಸಡಿಲಿಸಿ, ವೈನಿಗೆ ಹೊರಗಿನಿಂದ ಹುಳಿ ಸೇರಿಸಲು ಅನುಮತಿ ಕೊಟ್ಟರು. ಬೋರ್ಡೊದಲ್ಲಿ ಹುಳಿ ಸೇರಿಸುವುದು! ಅಲ್ಲಿಯವರು ತಲೆಮಾರುಗಳಿಂದ ಗೋಳಾಡಿದ್ದು ಹುಳಿ ಜಾಸ್ತಿ, ಸಕ್ಕರೆ ಕಡಿಮೆ ಅಂತ. ಕೆಲವು ತೋಟಗಳಲ್ಲಿ ಬಿಳಿ ದ್ರಾಕ್ಷಿಯ ಕೊಯ್ಲು ಆಗಸ್ಟ್ ಮಧ್ಯಕ್ಕೇ ಶುರುವಾಯಿತು. ಕೂಲಿಗೆ ಬರಬೇಕಾದವರೂ ಮಾಲೀಕರೂ ರಜೆಯಲ್ಲಿರುವ ತಿಂಗಳು ಅದು.

ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳಲಿಲ್ಲ. ಬೆಳೆದ ಬಳ್ಳಿಗೆ ನೀರು ಹಾಯಿಸುವುದು ಆಗ ಅಲ್ಲಿ ನಿಯಮದ ಪ್ರಕಾರ ಕೂಡದಿತ್ತು. ಬೇರು ಆಳಕ್ಕಿಳಿದಿರಬೇಕು, ಕೆಳಗೆ ನೀರು ಹಿಡಿದಿಡುವ ಜೇಡಿ ಇರಬೇಕು. ಉತ್ತರ ಮೆಡಾಕ್‌ನ ಸೇಂಟ್ ಎಸ್ತೆಫ್‌ನಲ್ಲಿ ಗರಸಿನ ಕೆಳಗೆ ಅಂಥ ಜೇಡಿ ಇದೆ. ಅಳಿವೆಯ ತಂಪೂ ಹತ್ತಿರ. ಅಲ್ಲಿಯ ಮೊಂಟ್ರೋಸ್, ಪಕ್ಕದ ಪೊಯಾಕ್‌ನ ಲಾತೂರ್ ಆ ವರ್ಷ ಗೆದ್ದವು ಅನ್ನುವುದರಲ್ಲಿ ವಿಮರ್ಶಕರಿಗೆ ಹೆಚ್ಚು ಜಗಳ ಇಲ್ಲ. ಲಾತೂರ್‌ಗೆ ಪಾರ್ಕರ್ ನೂರಕ್ಕೆ ನೂರು ಕೊಟ್ಟರು. ಬಲದಂಡೆಯಲ್ಲಿ ಮರಳು, ಗರಸಿನ ನೆಲದ ಮೆರ್ಲೊ ಬೆಂದುಹೋಯಿತು. ಪಾವಿ ಇರುವುದು ದಕ್ಷಿಣಕ್ಕೆ ಮುಖ ಮಾಡಿದ ಸುಣ್ಣಕಲ್ಲಿನ ಇಳಿಜಾರಿನಲ್ಲಿ. ದಿನವಿಡೀ ಬಿಸಿಲು. ಮಾಲೀಕ ಜೆರಾರ್ ಪೆರ್ಸ್ ಸೂಪರ್ ಮಾರ್ಕೆಟ್ ವ್ಯಾಪಾರದಿಂದ ಬಂದವರು, 1998ರಲ್ಲಿ ತೋಟ ಕೊಂಡವರು. ಬಳ್ಳಿಗೆ ಕಡಿಮೆ ಗೊಂಚಲು ಬಿಟ್ಟು, ತಡವಾಗಿ ಕೊಯ್ದು, ಹೊಸ ಓಕ್ ಮರದ ಪೀಪಾಯಿಯಲ್ಲಿಟ್ಟು ದಟ್ಟ ವೈನ್ ಮಾಡುವುದು ಅವರ ದಾರಿ. ಅಂಥ ದಾರಿಗೆ ಅಂಥ ವರ್ಷ ಜೊತೆಯಾಯಿತು. ಈಗ ಗೊತ್ತಾಯಿತಲ್ಲ, ಗ್ಲಾಸಿನಲ್ಲಿ ಏನಿತ್ತು ಅಂತ.

ಇನ್ನು ರುಚಿ ನೋಡುವ ಕೆಲಸದ ಬಗ್ಗೆ. ಇದು ಸೊಗಸಿನ ಕೆಲಸ ಅಂತ ತುಂಬಾ ಜನ ಅಂದುಕೊಂಡಿದ್ದಾರೆ.

ಬೋರ್ಡೊದಲ್ಲಿ ಆನ್ ಪ್ರೀಮರ್ ಅಂತ ಒಂದು ಪದ್ಧತಿ ಇದೆ. ಕೊಯ್ಲಾದ ಮುಂದಿನ ವಸಂತದಲ್ಲಿ, ವೈನಿಗೆ ಆರು ತಿಂಗಳು ಆಗಿರುವಾಗಲೇ, ಅದನ್ನು ಮಾರಾಟಕ್ಕಿಡುತ್ತಾರೆ. ಬಾಟಲಿಗೆ ಹೋಗುವುದು ಇನ್ನೂ ಒಂದು ವರ್ಷದ ಮೇಲೆ. ಕೊಂಡವರ ಮನೆಗೆ ಬರುವುದು ಅದಕ್ಕೂ ಆಮೇಲೆ. ಕುಡಿಯಲು ಸರಿಯಾಗುವುದು ಹತ್ತಿಪ್ಪತ್ತು ವರ್ಷಕ್ಕೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತೇವಲ್ಲ, ಇಲ್ಲಿ ಕುಲಾವಿ ಹೊಲಿಯುವವರು ವಿಮರ್ಶಕರು. ಒಂದು ಪೀಪಾಯಿ 225 ಲೀಟರ್, ಅಂದರೆ 300 ಬಾಟಲಿ. ಅದರಿಂದ ತೆಗೆದ ಮಾದರಿ ನಿಮ್ಮ ಮುಂದೆ ಬರುತ್ತದೆ. ಆ ಮಾದರಿ ಕೊನೆಯ ಮಿಶ್ರಣದ ಹಾಗೆಯೇ ಇರಬೇಕು ಅಂತ ಏನೂ ಇಲ್ಲ. ಮುಂದೆ ಯಾವ ಪೀಪಾಯಿ ಒಳಗೆ, ಯಾವುದು ಹೊರಗೆ ಅಂತ ಬದಲಾಗಬಹುದು.

ನಾನು ಅಂಥ ಒಂದು ಸಾಲಿನಲ್ಲಿ ನಿಂತಿದ್ದೇನೆ. ಮೊದಲ ಗುಟುಕು ಮಜವಾಗಿತ್ತು. ಬಣ್ಣ ಶಾಯಿಯ ಹಾಗೆ, ಗ್ಲಾಸು ಅಲ್ಲಾಡಿಸಿದರೆ ಅಂಚಿಗೆ ನೇರಳೆ ಬಣ್ಣ ಅಂಟುತ್ತದೆ. ಬಾಯಿಗೆ ಹಾಕಿ, ಗಾಳಿ ಎಳೆದು, ಒಳಗೇ ತಿರುಗಿಸಿ, ಉಗಿಯಬೇಕು. ಆರನೆಯದಕ್ಕೆ ಕೆನ್ನೆಯ ಒಳಭಾಗ ಒಣಗಿ ಹಲ್ಲಿಗೆ ಅಂಟಿಕೊಂಡಿತು. ಟ್ಯಾನಿನ್, ಅಂದರೆ ಸಿಪ್ಪೆ ಬೀಜದಿಂದ ಬರುವ ಒಗರಿನ ವಸ್ತು, ಮಾಡುವ ಕೆಲಸ ಅದು. ನಮ್ಮ ಜೊಲ್ಲಿನಲ್ಲಿ ಬಾಯಿಯನ್ನು ಜಾರುವಂತೆ ಇಡುವ ಪ್ರೋಟೀನ್ ಇದೆ. ಟ್ಯಾನಿನ್ ಹೋಗಿ ಅದನ್ನೇ ಹಿಡಿದುಕೊಳ್ಳುತ್ತದೆ. ಆಗ ನಾಲಿಗೆಯೂ ಅಂಗುಳವೂ ಒಂದಕ್ಕೊಂದು ಉಜ್ಜತೊಡಗುತ್ತವೆ. ಒಗರು ಅಂದರೆ ಇದೇ. ನಾಲಿಗೆ ಗುರುತಿಸುವ ರುಚಿಗಿಂತ ಬಾಯಿ ಅನುಭವಿಸುವ ಸ್ಪರ್ಶ. ಹದಿನೈದನೆಯದಕ್ಕೆ ನನಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯಲಿಲ್ಲ. ಪಕ್ಕದಲ್ಲಿದ್ದ ವಯಸ್ಸಾದ ವಿಮರ್ಶಕರೊಬ್ಬರು ನಲವತ್ತು ದಾಟಿಸಿದ್ದರು. ಹಲ್ಲು ನೀಲಿ, ತುಟಿಯ ಮೂಲೆಯಲ್ಲಿ ಕಪ್ಪು ಕಲೆ. ಸಂಜೆಗೆ ಏನು ಕುಡಿಯುತ್ತೀರಿ ಅಂತ ಕೇಳಿದೆ. ಬಿಯರ್ ಅಂದರು.

ಇದನ್ನು ಯಾಕೆ ಹೇಳಿದೆ ಅಂದರೆ, ಇಂಥ ಸ್ಥಿತಿಯಲ್ಲಿ ಯಾವ ವೈನ್ ಎದ್ದು ಕಾಣುತ್ತದೆ ಹೇಳಿ? ನಲವತ್ತು ಗ್ಲಾಸಿನ ಸಾಲಿನಲ್ಲಿ ಗಟ್ಟಿಯಾಗಿ ಕೂಗುವುದು. ಹಣ್ಣು ಜಾಸ್ತಿ, ಮದ್ಯಾಂಶ ಜಾಸ್ತಿ, ಓಕ್ ಜಾಸ್ತಿ ಇರುವುದು. ಮೆಲ್ಲಗೆ ಮಾತಾಡುವ ವೈನ್ ಆ ಗದ್ದಲದಲ್ಲಿ ಕೇಳಿಸುವುದಿಲ್ಲ. ಊಟದ ಜೊತೆ ಒಂದೇ ಬಾಟಲಿ ಇಟ್ಟುಕೊಂಡು ಎರಡು ಗಂಟೆ ಕೂತರೆ ಕಥೆ ತಿರುಗಬಹುದು.

ಈಗ ಅವರು ಬಳಸುವ ಪದಗಳು. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಂಡರೆ ಬೈಯಬೇಡಿ.

ಬೋರ್ಡೊ ಕೆಂಪಿನ ಟಿಪ್ಪಣಿಯಲ್ಲಿ ಮೇಲಿಂದ ಮೇಲೆ ಬರುವ ವಾಸನೆಗಳಿವೆ. ಕಪ್ಪು ಕರಂಟ್ ಹಣ್ಣು, ಪ್ಲಮ್, ಸಿಗಾರ್ ಪೆಟ್ಟಿಗೆ, ಸೀಡರ್ ಮರ, ಪೆನ್ಸಿಲ್ ಚೂಪು ಮಾಡಿದಾಗ ಬರುವ ವಾಸನೆ. ಕೇಳಿದವರು ನಗುತ್ತಾರೆ. ಆದರೆ ಕೆಲವಕ್ಕೆ ಗಟ್ಟಿ ಕಾರಣ ಇದೆ. ಹಸಿ ದೊಣ್ಣೆಮೆಣಸಿನಕಾಯಿ ವಾಸನೆ ಅಂತ ಯಾರಾದರೂ ಕ್ಯಾಬರ್ನೆ ಬಗ್ಗೆ ಬರೆದರೆ ಅದು ಉಪಮೆ ಅಲ್ಲ. ಪೈರಜೀನ್ ಅನ್ನುವ ಒಂದೇ ಬಗೆಯ ವಸ್ತು ಎರಡರಲ್ಲೂ ಇದೆ. ದ್ರಾಕ್ಷಿ ಹಣ್ಣಾಗುತ್ತಾ ಹೋದಂತೆ, ಬಿಸಿಲು ಬಿದ್ದಂತೆ ಅದು ಕಡಿಮೆಯಾಗುತ್ತದೆ. ಹಾಗಾಗಿ ತಂಪು ವರ್ಷದ ಟಿಪ್ಪಣಿಯಲ್ಲಿ ಈ ವಾಸನೆ ಜಾಸ್ತಿ. ಬಿಸಿ ವರ್ಷದ ಟಿಪ್ಪಣಿಯಲ್ಲಿ ಜಾಮ್, ಒಣದ್ರಾಕ್ಷಿ, ಚಾಕೊಲೇಟ್ ಬಂದು ಕೂರುತ್ತವೆ. ಕುದುರೆ ಲಾಯದ ವಾಸನೆ ಅಂದರೆ ಬ್ರೆಟ್ಟನೊಮೈಸಿಸ್ ಅನ್ನುವ ಯೀಸ್ಟಿನ ಕರಾಮತ್ತು. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ.

ವಾಸನೆಯ ಪದಗಳಿಗಿಂತ ಮರ್ಯಾದೆಯ ಪದಗಳು ತಮಾಷೆ. ವರ್ಷ ಚೆನ್ನಾಗಿಲ್ಲ ಅಂತ ನೇರವಾಗಿ ಬರೆದರೆ ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ ಅನ್ನುವ ಹೆದರಿಕೆ ಕೆಲವರಿಗೆ. ಹಾಗಾಗಿ ಒಂದು ಗುಪ್ತ ಭಾಷೆ ಬೆಳೆದಿದೆ. ಕ್ಲಾಸಿಕ್ ವರ್ಷ ಅಂದರೆ ಹಲವು ಸಲ ಬಿಸಿಲು ಸಾಲದೆ ಹುಳಿ ಉಳಿದ ವರ್ಷ. ಬೇಗ ಕುಡಿಯಲು ಚೆನ್ನ ಅಂದರೆ ಇಟ್ಟರೆ ಬಾಳುವುದಿಲ್ಲ. ರೆಸ್ಟೋರೆಂಟ್ ವರ್ಷ ಅಂದರೆ ಬೆಲೆ ಇಳಿಸಿ ಮಾರಿ. ಈಗ ಮುಚ್ಚಿಕೊಂಡಿದೆ ಅಂದರೆ ನನಗೂ ಏನೂ ಸಿಗಲಿಲ್ಲ, ಆದರೆ ಹೆಸರು ದೊಡ್ಡದು. ಉದಾರ ಅಂದರೆ ಮದ್ಯಾಂಶ ಜಾಸ್ತಿ. ಬೆಳೆಗಾರರ ವರ್ಷ ಅಂದರೆ ಹವೆ ಕೈಕೊಟ್ಟಿತು, ಕಷ್ಟಪಟ್ಟವರು ಪಾರಾದರು. 2003ರ ಬಗ್ಗೆ ಓದಿದರೆ ಎಲ್ಲರೂ ಮೇಲಿಂದ ಮೇಲೆ ಬಳಸಿದ ಪದ ಏಕರೂಪವಿಲ್ಲ ಅನ್ನುವುದು. ಅದು ಮರ್ಯಾದೆಗೂ ಹೌದು, ನಿಜವೂ ಹೌದು.

ಸರಿ, 1982ಕ್ಕೆ ಬರೋಣ. ಅದಕ್ಕೂ ಮೊದಲು 1975. ಆ ವರ್ಷದ ವೈನ್ ಚಿಕ್ಕದಿದ್ದಾಗ ಬಾಯಿ ಕಟ್ಟುವಷ್ಟು ಒಗರು. ಹಳೆಯ ತಲೆಮಾರಿನ ವಿಮರ್ಶಕರು ತಲೆದೂಗಿದರು. ಇಷ್ಟು ಒಗರು ಇದ್ದರೆ ದಶಕಗಟ್ಟಲೆ ಬಾಳುತ್ತದೆ, ಇದೇ ದೊಡ್ಡ ವರ್ಷ ಅಂದರು. ಕಾದರು. ಹಲವು ಬಾಟಲಿಗಳಲ್ಲಿ ಹಣ್ಣಿನ ರುಚಿ ಬತ್ತಿಹೋಯಿತು, ಒಗರು ಮಾತ್ರ ಹಾಗೇ ಕೂತಿತ್ತು. ಎಲ್ಲವೂ ಹಾಗಾಯಿತು ಅಂತಲ್ಲ, ಆದರೆ ಆ ವರ್ಷದ ಹೆಸರು ಇಳಿಯಿತು.

1982ರದ್ದು ತದ್ವಿರುದ್ಧ. ಬಿಸಿಲು ಚೆನ್ನಾಗಿತ್ತು, ಬೆಳೆಯೂ ಜೋರು. 1983ರ ವಸಂತದಲ್ಲಿ ರುಚಿ ನೋಡಿದಾಗ ವೈನ್ ಮೆತ್ತಗೆ, ಹಣ್ಣು ತುಂಬಿ, ಆಗಲೇ ಕುಡಿಯೋಣ ಅನ್ನುವ ಹಾಗಿತ್ತು. ಆಗ ಅಮೆರಿಕದಲ್ಲಿ ದೊಡ್ಡ ಹೆಸರಿದ್ದ ವಿಮರ್ಶಕ ರಾಬರ್ಟ್ ಫಿನಿಗನ್‌ಗೆ ಅದು ಹಿಡಿಸಲಿಲ್ಲ. ಹುಳಿ ಕಡಿಮೆ, ಬಾಳುವುದಿಲ್ಲ, ಬೋರ್ಡೊಗಿಂತ ಕ್ಯಾಲಿಫೋರ್ನಿಯಾ ತರಹ ಇದೆ ಅನ್ನುವ ಮಾತುಗಳು ಹಲವರಿಂದ ಬಂದವು. ಪಾರ್ಕರ್ ಆಗ ಮೂವತ್ತೈದರ ಆಸುಪಾಸು, ಹೆಸರು ಇನ್ನೂ ಸಣ್ಣದು. ಇದು ಅದ್ಭುತ ವರ್ಷ, ಕೊಳ್ಳಿ ಅಂತ ಬರೆದರು. ವರ್ಷಗಳು ಕಳೆದವು. 1982 ಕಳೆದ ಶತಮಾನದ ದೊಡ್ಡ ವಿಂಟೇಜ್‌ಗಳಲ್ಲಿ ಒಂದಾಗಿ ನಿಂತಿತು. ಪಾರ್ಕರ್ ಪಾರ್ಕರ್ ಆದದ್ದು ಹಾಗೆ.

ಈಗ 2003ಕ್ಕೆ ಮತ್ತೆ ಹೋಗಿ. ತುಂಬಾ ಮಾಗಿದೆ, ಹುಳಿ ಕಡಿಮೆ, ಬೋರ್ಡೊ ತರಹ ಇಲ್ಲ. ಪಾರ್ಕರ್ ಈ ಮೂರೂ ಮಾತನ್ನು ಇಪ್ಪತ್ತು ವರ್ಷದ ಹಿಂದೆ ಕೇಳಿದ್ದರು. ಆಗ ಹೇಳಿದವರು ಸೋತಿದ್ದರು, ತಾವು ಗೆದ್ದಿದ್ದರು. ಮತ್ತೆ ಅದೇ ಆರೋಪ ಕಿವಿಗೆ ಬಿದ್ದಾಗ ಮನುಷ್ಯನಿಗೆ ಏನನ್ನಿಸುತ್ತದೆ? ಇದು ನನ್ನ ಊಹೆ, ಅವರು ಹೀಗೆ ಹೇಳಿಲ್ಲ. ಆದರೆ ವಿಮರ್ಶಕರು ವೈನಿನ ಜೊತೆಗೆ ತಮ್ಮ ಹಳೆಯ ಗೆಲುವನ್ನೂ ಬಾಯಿಗೆ ಹಾಕಿಕೊಳ್ಳುತ್ತಾರೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಬ್ರಿಟಿಷರ ಕಡೆಯೂ ಅಷ್ಟೇ. ಅವರು ಬೋರ್ಡೊ ಕೆಂಪನ್ನು ಕ್ಲಾರೆಟ್ ಅಂತ ಕರೆದು ಊಟದ ಮೇಜಿನ ಮೇಲೆ ಇಟ್ಟುಕೊಂಡು ಬೆಳೆದವರು. ಎರಡನೆಯ ಗ್ಲಾಸಿಗೆ ಕೈ ತಾನಾಗೇ ಹೋಗಬೇಕು ಅನ್ನುವುದು ಅವರ ಪರೀಕ್ಷೆ. ಪಾವಿ ಅವರಿಗೆ ಒಂದೇ ಗುಟುಕಿಗೆ ಸಾಕಾಯಿತು. ವೈನ್ ದೊಡ್ಡದೋ ಅಂತ ಒಬ್ಬರು ನೋಡಿದರು, ಬೋರ್ಡೊ ಹೌದೋ ಅಂತ ಇನ್ನೊಬ್ಬರು ನೋಡಿದರು. ಪ್ರಶ್ನೆಯೇ ಬೇರೆ ಬೇರೆ.

ಇದೆಲ್ಲ ಗೊಡವೆಯೇ ಬೇಡ, ನಾಲಿಗೆಯನ್ನೇ ಬದಿಗಿಡೋಣ ಅಂದವರೂ ಇದ್ದಾರೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಒರ್ಲಿ ಆಶೆನ್‌ಫೆಲ್ಟರ್. ಅವರು 1952ರಿಂದ 1980ರವರೆಗಿನ ಬೋರ್ಡೊ ವರ್ಷಗಳನ್ನು ತೆಗೆದುಕೊಂಡರು. ಹಿಂದಿನ ಚಳಿಗಾಲದ ಮಳೆ, ಬೆಳೆಯುವ ತಿಂಗಳುಗಳ ಸರಾಸರಿ ಬಿಸಿ, ಕೊಯ್ಲಿನ ಹೊತ್ತಿನ ಮಳೆ, ವೈನಿನ ವಯಸ್ಸು, ಇಷ್ಟರಿಂದಲೇ ಹಳೆಯ ಬಾಟಲಿಯ ಬೆಲೆ ಹೆಚ್ಚುಕಡಿಮೆ ಹೇಳಬಹುದು ಅಂತ ಸೂತ್ರ ಮಾಡಿದರು. ಚಳಿಗಾಲದಲ್ಲಿ ಮಳೆ ಬಂದರೆ ಒಳ್ಳೆಯದು, ಬಿಸಿಲು ಏರಿದರೆ ಒಳ್ಳೆಯದು, ಕೊಯ್ಲಿಗೆ ಮಳೆ ಬಂದರೆ ಕೆಟ್ಟದ್ದು. ಎಲ್ಲರೂ ಹೊಗಳಿದ್ದ 1986 ಅಂಥ ದೊಡ್ಡದೇನಲ್ಲ ಅಂದರು. 1989ರ ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ, ರುಚಿಯೇ ನೋಡದೆ, ಅದು ಮಹಾ ವರ್ಷ ಅಂದರು. ವಿಮರ್ಶಕರಿಗೆ ಮೈಯೆಲ್ಲ ಉರಿಯಿತು. ಪಾರ್ಕರ್ ಇದನ್ನು ಆದಿಮಾನವರ ಪದ್ಧತಿ ಅನ್ನುವ ಮಟ್ಟಕ್ಕೆ ಹೋದರು. 1989 ಮತ್ತು 1990 ನಿಜಕ್ಕೂ ಚೆನ್ನಾಗಿ ಬಂದವು.

ಆ ಸೂತ್ರದ ಮೇಲೆ ನನಗೆ ಗೌರವ ಇದೆ. ಆದರೆ ಬಿಸಿಲು ಏರಿದಷ್ಟೂ ವೈನ್ ಏರುತ್ತದೆ ಅನ್ನುವ ಗೆರೆ ಎಲ್ಲಿ ಬಾಗುತ್ತದೆ ಅಂತ ಅದಕ್ಕೆ ಗೊತ್ತಾಗುವ ದಾರಿಯೇ ಇರಲಿಲ್ಲ. 2003ರಂಥ ಬಿಸಿಲು 1952ರಿಂದ 1980ರವರೆಗೆ ಒಂದು ಸಲವೂ ಬಂದಿರಲಿಲ್ಲ. ಅಲ್ಲಿ ನಾಲಿಗೆಯೇ ಬೇಕಾಯಿತು.

ಸಭೆಯಲ್ಲಿ ಒಬ್ಬರು ಆಗಲೇ ಚೀಟಿ ಕಳಿಸಿದ್ದಾರೆ, ವಿಮರ್ಶಕರ ಮಾತಿನಿಂದ ಬೆಲೆ ನಿಜಕ್ಕೂ ಏರುತ್ತದಾ ಅಂತ. ಏರುತ್ತದೆ. ಅದನ್ನು ಅಳೆಯಲು ಒಂದು ಅವಕಾಶವೂ ಸಿಕ್ಕಿತು. 2003ರ ವಸಂತದಲ್ಲಿ, 2002ರ ವೈನಿನ ರುಚಿ ನೋಡಲು ಪಾರ್ಕರ್ ಬೋರ್ಡೊಗೆ ಬರಲಿಲ್ಲ. ಇರಾಕ್ ಯುದ್ಧದ ಸಮಯ. ಹಾಗಾಗಿ ಶಾತೊಗಳು, ಅಂದರೆ ವೈನ್ ತೋಟದವರು, ಅವರ ಅಂಕ ನೋಡದೆಯೇ ಬೆಲೆ ಇಡಬೇಕಾಯಿತು. ಫ್ರಾನ್ಸಿನ ಅರ್ಥಶಾಸ್ತ್ರಜ್ಞರು ಆ ವರ್ಷದ ಬೆಲೆಯನ್ನು ಬೇರೆ ವರ್ಷದ ಜೊತೆ ಹೋಲಿಸಿ, ಪಾರ್ಕರ್ ಪರಿಣಾಮ ಸರಾಸರಿ ಬಾಟಲಿಗೆ ಸುಮಾರು 2.80 ಯೂರೋ ಅಂತ ಲೆಕ್ಕ ಹಾಕಿದರು. ಇಷ್ಟೇನಾ ಅನ್ನಬೇಡಿ. ಅದು ಸರಾಸರಿ. ಮತ್ತೆ ಒಂದು ಶಾತೊ ಮಾರುವುದು ಒಂದೋ ಎರಡೋ ಬಾಟಲಿ ಅಲ್ಲವಲ್ಲ.

ಇನ್ನೊಂದು ಪ್ರಯೋಗ ಹೇಳಲೇಬೇಕು. 2001ರಲ್ಲಿ ಬೋರ್ಡೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ರೋಶೆ ಮತ್ತು ಜೊತೆಗಾರರು ವೈನ್ ಓದುತ್ತಿದ್ದ 54 ಮಂದಿಯನ್ನು ಕೂರಿಸಿದರು. ಒಂದು ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಅದನ್ನು ಮೂಸಿ, ಕೆಂಪು ವೈನಿಗೆ ಬಳಸುವ ಪದಗಳಲ್ಲೇ ವರ್ಣಿಸಿದರು. ಕಣ್ಣು ಕೆಂಪು ಅಂತು, ಮೂಗು ಹೂಂ ಅಂತು. ಇದನ್ನು ಕೇಳಿ, ಹಾಗಾದರೆ ವಿಮರ್ಶೆ ಎಲ್ಲ ಬರೀ ಓಳು ಅಂತ ತೀರ್ಮಾನಿಸುವವರಿದ್ದಾರೆ. ನನಗೆ ಅದು ಆತುರ ಅನ್ನಿಸುತ್ತದೆ. ಮೂಗು ಒಂಟಿಯಾಗಿ ಕೆಲಸ ಮಾಡುವುದಿಲ್ಲ ಅಂತಷ್ಟೇ ಅದು ತೋರಿಸಿದ್ದು. ನನಗೇ ಆಗಿದೆ. 2003ರ ಒಂದು ಮೆಡಾಕ್ ಬಾಟಲಿಯನ್ನು ಟಿಪ್ಪಣಿ ಓದಿಕೊಂಡು ಕುಡಿದಿದ್ದೆ. ಸಿಗಾರ್ ಪೆಟ್ಟಿಗೆ, ಕಪ್ಪು ಕರಂಟ್, ಒಂದೂ ಬಿಡದೆ ಎಲ್ಲ ಸಿಕ್ಕಿತು. ಮೂರು ತಿಂಗಳ ಮೇಲೆ ಗೆಳೆಯರೊಬ್ಬರು ಬಾಟಲಿಗೆ ಕಾಗದ ಸುತ್ತಿ ಅದೇ ವೈನ್ ಕೊಟ್ಟರು. ಕ್ಯಾಲಿಫೋರ್ನಿಯಾ ಅಂದೆ, ಬಹಳ ಧೈರ್ಯದಿಂದ. ಕಾಗದ ಬಿಚ್ಚಿದ ಮೇಲೆ ಮತ್ತೆ ಸಿಗಾರ್ ಪೆಟ್ಟಿಗೆ ಸಿಕ್ಕಿತು.

ಪಾವಿಯ ಕಥೆ ಆಮೇಲೆ ಏನಾಯಿತು? 2012ರಲ್ಲಿ ಸೇಂಟ್ ಎಮಿಲಿಯೋನಿನ ಶ್ರೇಣಿ ಪಟ್ಟಿಯಲ್ಲಿ ಪಾವಿ ಅತಿ ಮೇಲಿನ ದರ್ಜೆಗೆ ಏರಿತು. ಪಾರ್ಕರ್ 2019ರಲ್ಲಿ ಪೂರ್ತಿ ನಿವೃತ್ತರಾದರು. ಹವೆಯಂತೂ 2003ರ ದಾರಿಯಲ್ಲೇ ಹೋಗುತ್ತಿದೆ. 2022ರ ಬೇಸಿಗೆ ಮತ್ತೆ ಬೆಂಕಿ. ಆದರೆ ಆ ಹೊತ್ತಿಗೆ ಬೆಳೆಗಾರರು ಪಾಠ ಕಲಿತಿದ್ದರು. ಹಣ್ಣಿನ ಮೇಲೆ ನೆರಳಿಗೆ ಎಲೆ ಉಳಿಸಿದರು, ಬೇಗ ಕೊಯ್ದರು, ಸಿಪ್ಪೆಯಿಂದ ರಸ ತೆಗೆಯುವಾಗ ಕೈ ಹಗುರ ಮಾಡಿದರು. 2003ರಲ್ಲಿ ತುಂಬಾ ಜನ, ಬಿಸಿಲು ಅಂದರೆ ಪುಣ್ಯ ಅನ್ನುವ ಹಳೆಯ ಲೆಕ್ಕದಲ್ಲಿ ಎಲೆ ಕಿತ್ತು ಹಣ್ಣನ್ನು ಬಿಸಿಲಿಗೆ ಒಡ್ಡಿ ಕೈ ಸುಟ್ಟುಕೊಂಡಿದ್ದರು.

ಕೊನೆಯ ಪ್ರಶ್ನೆ ಸಭೆಯಿಂದ ಬಂತು. ಆ 2003ರ ಪಾವಿ ನೀವು ಕುಡಿದಿದ್ದೀರಾ, ಯಾರು ಸರಿ?

ಒಂದೇ ಸಲ. ಬೋರ್ಡೊದಲ್ಲೇ, ಹಳೆಯ ವರ್ಷಗಳನ್ನು ಸಾಲಾಗಿ ಇಟ್ಟಿದ್ದ ಒಂದು ಕಡೆ. ವೈನಿಗೆ ಆಗ ಹತ್ತು ವರ್ಷ ದಾಟಿತ್ತು. ಗ್ಲಾಸಿನ ತಳದಲ್ಲಿ ಒಂದು ಬೆರಳಿನಷ್ಟು. ಅಂಚಿನಲ್ಲಿ ಇಟ್ಟಿಗೆ ಬಣ್ಣ ಬರುತ್ತಿತ್ತು, ನಡುವೆ ಇನ್ನೂ ಕಪ್ಪು. ಮೂಸಿದರೆ ಒಣಗಿದ ಪ್ಲಮ್, ಚಾಕೊಲೇಟ್. ಬಾಯಲ್ಲಿ ದಪ್ಪ, ಗಂಟಲಿನ ಹತ್ತಿರ ಬಿಸಿ. ಪುಸ್ತಕದಲ್ಲಿ ಪೋರ್ಟ್ ಅಂತ ಬರೆದೆ. ಬರೆದ ಕೂಡಲೇ ಅನುಮಾನ ಬಂತು. ಇದು ನನ್ನ ಪದವಾ, ರಾಬಿನ್ಸನ್ ಅವರದ್ದಾ? ಹೊಡೆದುಹಾಕಿದೆ. ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಉಳಿದದ್ದನ್ನು ಹಾಗೇ ಇಟ್ಟು ಬೇರೆ ಗ್ಲಾಸುಗಳ ಕಡೆ ಹೋಗಿ, ಅರ್ಧ ಗಂಟೆ ಬಿಟ್ಟು ಬಂದೆ. ವಾಸನೆ ಬದಲಾಗಿತ್ತು. ಒಣ ಹಣ್ಣು ಹಿಂದೆ ಸರಿದು ತಂಬಾಕಿನ ಎಲೆಯಂಥದ್ದು ಏನೋ, ಅದರ ಹಿಂದೆ ಸಣ್ಣಗೆ ಪುದೀನದ ತಂಪು. ಇದನ್ನು ಪಾರ್ಕರ್ ಕಂಡಿದ್ದರಾ ಅಂದುಕೊಂಡು ಗ್ಲಾಸು ಎತ್ತಿದೆ. ಎರಡು ಹನಿ ಇತ್ತು. ಅದರಲ್ಲಿ ಹೆಚ್ಚಿನದು ಗಸಿ.